ಹಳೆಯದೆಂದು ಹೇಳಿಕೊಂಡ ಹೊಸ ಧರ್ಮ: ಗಾರ್ಡ್‌ನರರ ಮಾಟಗ್ರಂಥದ ವಿಮರ್ಶೆ

ಕನ್ನಡದ ‘ಮಾಟ’ ಶಬ್ದವು ‘ಮಾಡು’ ಎಂಬ ಧಾತುವಿನಿಂದ ಬಂದುದು. ಮಾಡಿದುದು, ಮಾಡುವ ರೀತಿ, ರಚನೆಯ ಸೊಗಸು ಎಂಬವು ಅದರ ಮೊದಲಿನ ಅರ್ಥಗಳು. ‘ಮಾಟವಾದ ಮೂಗು’ ಎನ್ನುವಾಗ ಇಂದಿಗೂ ಆ ಅರ್ಥವೇ ಉಳಿದಿದೆ. ಇನ್ನೊಬ್ಬರ ಕೇಡಿಗಾಗಿ ಗುಟ್ಟಿನಲ್ಲಿ ಮಾಡಿದ ಕ್ರಿಯೆಗೂ ಅದೇ ಹೆಸರಾದುದು ವಿಚಾರಾರ್ಹವಾಗಿದೆ. ಅಥರ್ವವೇದದ ‘ಕೃತ್ಯಾ’ ಶಬ್ದದ ಕಥೆಯೂ ಇದೇ. ಅದು ‘ಕೃ’ ಧಾತುವಿನದು. ಇಟಲಿಯವರು ಮಾಟಕ್ಕೆ ‘ಫತ್ತೂರ’ ಎನ್ನುತ್ತಾರೆ, ಪೋರ್ತುಗೀಸರು ‘ಫೆಯ್ತೀಸು’ ಎನ್ನುತ್ತಾರೆ; ಇವೆರಡೂ ಲ್ಯಾಟಿನ್ನಿನಲ್ಲಿ ‘ಮಾಡು’ ಎಂಬರ್ಥದ ಧಾತುವಿಗೆ ಸೇರಿದವು. ಒಬ್ಬರನ್ನೊಬ್ಬರು ಕೇಳಿಯೂ ಅರಿಯದ ಜನಗಳು ಈ ವಿಷಯದಲ್ಲಿ ಒಂದೇ ಬಗೆಯಾಗಿ ಯೋಚಿಸಿದ್ದಾರೆ. ಮಾಟವೆಂದರೆ ಅವರಿಗೆ ಒಂದು ಮತವಲ್ಲ, ದರ್ಶನವಲ್ಲ. ಯಾರೋ ಮಾಡಿದ ಒಂದು ಕೆಲಸ. ಅದನ್ನು ಮಾಡಿದೆನೆಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಮಾಡಿದರೆಂದು ಇತರರು ಹೇಳುತ್ತಿದ್ದರು.

ಇಂಗ್ಲಿಷಿನ ‘ವಿಚ್’ ಶಬ್ದವೂ ಹಲವು ಶತಮಾನಗಳ ಕಾಲ ಹೀಗೆಯೇ ಇದ್ದಿತು. ಇಪ್ಪತ್ತನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಕೆಲವರು ಈ ನಿಂದಾಶಬ್ದವನ್ನೇ ಎತ್ತಿಕೊಂಡು, ಅದು ತಮ್ಮ ಧರ್ಮದ ಹೆಸರೆಂದು ಸಾರಿದರು. ಇಂದು ಆ ಧರ್ಮಕ್ಕೆ ಅಲ್ಲಿ ಲೆಕ್ಕವೂ ಉಂಟು. ಇಂಗ್ಲೆಂಡು ಮತ್ತು ವೇಲ್ಸಿನ ೨೦೨೧ರ ಜನಗಣತಿಯಲ್ಲಿ ಸುಮಾರು ೭೪,೦೦೦ ಜನರು ತಮ್ಮನ್ನು ‘ಪೇಗನ್’ ಎಂದೂ, ಇನ್ನು ಸುಮಾರು ೧೩,೦೦೦ ಜನರು ‘ವಿಕ್ಕ’ ಮತದವರೆಂದೂ ಬರೆಸಿಕೊಂಡಿದ್ದಾರೆ. ಇಂಗ್ಲೆಂಡು ಜಗತ್ತಿಗೆ ಕೊಟ್ಟ ಧರ್ಮ ಇದೊಂದೇ ಎಂದು ಬ್ರಿಸ್ಟಲ್ಲಿನ ಇತಿಹಾಸಕಾರ ರೊನಾಲ್ಡ್ ಹಟನ್ನರು ಹೇಳಿರುವುದುಂಟು. ಗಿಡಮೂಲಿಕೆಗಳಿಂದ, ಗಾಳಿಮಳೆಗಳಿಂದ, ಚಂದ್ರನ ವೃದ್ಧಿಕ್ಷಯಗಳಿಂದ ಕಾರ್ಯ ಸಾಧಿಸುವ ಬಗೆಯನ್ನು ಕಲಿಸುವ ಈ ಪಂಥದ ಪುಸ್ತಕಗಳು ನಮ್ಮ ದೊಡ್ಡ ನಗರಗಳ ಇಂಗ್ಲಿಷ್ ಪುಸ್ತಕದಂಗಡಿಗಳಿಗೂ ಬಂದಿವೆ. ನಮ್ಮ ಮನೆಗಳ ಮಕ್ಕಳೂ ಅವನ್ನು ಓದುತ್ತಾರೆ. ಆದುದರಿಂದ ಇವೆಲ್ಲಕ್ಕೂ ಮೂಲವಾದ ಗ್ರಂಥವನ್ನು ಒಮ್ಮೆ ಎದುರಿಗಿಟ್ಟುಕೊಂಡು ಪರೀಕ್ಷಿಸುವುದು ಅಪ್ರಸ್ತುತವಾಗಲಾರದು. ಆ ಗ್ರಂಥವು ಜೆರಾಲ್ಡ್ ಗಾರ್ಡ್‌ನರರು ೧೯೫೪ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ವಿಚ್‌ಕ್ರಾಫ್ಟ್ ಟುಡೇ’.

ಗಾರ್ಡ್‌ನರರು (೧೮೮೪–೧೯೬೪) ವಿದ್ಯಾಪೀಠದ ಪಂಡಿತರಲ್ಲ. ಎಳೆಯ ವಯಸ್ಸಿನಲ್ಲಿಯೇ ಸಿಂಹಳಕ್ಕೆ ಹೋಗಿ ಚಹದ ತೋಟದಲ್ಲಿ ಕೆಲಸಮಾಡಿ, ಮುಂದೆ ಬೋರ್ನಿಯೋ, ಮಲಯಗಳಲ್ಲಿ ರಬ್ಬರಿನ ತೋಟ ನೋಡಿಕೊಂಡು, ಕೊನೆಗೆ ಮಲಯದ ಸುಂಕದ ಇಲಾಖೆಯ ಅಧಿಕಾರಿಯಾಗಿದ್ದು ೧೯೩೬ರಲ್ಲಿ ನಿವೃತ್ತರಾದವರು. ಮಲಯದ ‘ಕ್ರಿಸ್’ ಎಂಬ ಕಠಾರಿಯನ್ನು ಕುರಿತು ಆ ವರ್ಷವೇ ಅವರು ಬರೆದ ಪುಸ್ತಕ ಶ್ರದ್ಧೆಯ ಕೆಲಸವೆಂದು ಮಾನ್ಯವಾಗಿದೆ. ಇಂಗ್ಲೆಂಡಿಗೆ ಮರಳಿದ ಮೇಲೆ, ೧೯೩೯ರಲ್ಲಿ, ನ್ಯೂ ಫಾರೆಸ್ಟ್ ಪ್ರದೇಶದ ಒಂದು ರಹಸ್ಯಕೂಟವು ತಮಗೆ ದೀಕ್ಷೆಯಿತ್ತಿತೆಂದೂ, ಅದು ಶಿಲಾಯುಗದಿಂದ ಗುಟ್ಟಾಗಿ ಉಳಿದುಬಂದ ಪ್ರಾಚೀನ ಧರ್ಮದ ಅವಶೇಷವೆಂದೂ ಅವರು ಹೇಳಿಕೊಂಡರು. ಇಂಗ್ಲೆಂಡಿನಲ್ಲಿ ೧೭೩೫ರ ಮಾಟದ ಶಾಸನವು ೧೯೫೧ರಲ್ಲಿ ರದ್ದಾಯಿತು. ಈ ಶಾಸನದ ಬಗೆಗೆ ಒಂದು ಮಾತು ಹೇಳಬೇಕು: ಅದು ಮಾಟಗಾತಿಯರನ್ನು ಸುಡುವ ಕಾನೂನಲ್ಲ, ಮಾಟವೆಂಬುದೇ ಇಲ್ಲವೆಂದು ಗ್ರಹಿಸಿ, ಅಂಥ ಶಕ್ತಿಯುಂಟೆಂದು ನಟಿಸುವವರನ್ನು ದಂಡಿಸುವ ಕಾನೂನು. ಅದು ಹೋದ ಮೂರು ವರ್ಷಕ್ಕೆ ಗಾರ್ಡ್‌ನರರ ಗ್ರಂಥ ಹೊರಬಂದಿತು.

ಗ್ರಂಥದ ಬರವಣಿಗೆ ಸಡಿಲವಾಗಿದೆ. ಒಂದು ವಿಷಯ ಹಿಡಿದು ಎರಡು ಪುಟ ಸಾಗುವಷ್ಟರಲ್ಲಿ ಮತ್ತೊಂದು ನೆನಪಾಗಿ ಗ್ರಂಥಕರ್ತರು ಅತ್ತ ಹೊರಳುತ್ತಾರೆ. ಕಾಡಿನಲ್ಲಿ ಅಡಗಿದ್ದ ಕುಳ್ಳ ಜನಾಂಗದವರೇ ಜನರ ಬಾಯಲ್ಲಿ ಕಿನ್ನರರಾದರೆಂದು ಒಂದೆಡೆ. ಟೆಂಪ್ಲರ್ ಯೋಧಸನ್ಯಾಸಿಗಳಿಗೂ ಈ ಪಂಥಕ್ಕೂ ನಂಟಿತ್ತೆಂದು ಇನ್ನೊಂದೆಡೆ. ಪೊಂಪೆಯಿಯ ಹಾಳೂರಿನ ಗೋಡೆಯ ಚಿತ್ರಗಳಲ್ಲಿ ಇದೇ ದೀಕ್ಷಾವಿಧಿ ಕಾಣುತ್ತದೆಂದು ಮತ್ತೊಂದೆಡೆ. ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ಹೇಳುವ ಪ್ರವಾಸಕಥೆಯ ಸೊಗಸು ಅದಕ್ಕಿದೆ. ಸಂಶೋಧನೆಯ ಕಟ್ಟು ಇಲ್ಲ. ಆದರೆ ಗ್ರಂಥದ ನಿಜವಾದ ದೋಷವು ಶೈಲಿಯಲ್ಲಿಲ್ಲ. ಅದು ಗ್ರಂಥಕರ್ತರು ನಿಂತ ನಿಲುವಿನಲ್ಲಿದೆ. ತಾವು ಈ ಜನರನ್ನು ಕಂಡು, ಅವರ ಅನುಮತಿಯಿಂದ ಸ್ವಲ್ಪಮಾತ್ರ ಬಯಲುಮಾಡುತ್ತಿರುವ ಮಾನವಶಾಸ್ತ್ರಜ್ಞರೆಂಬಂತೆ ಅವರು ಮಾತಾಡುತ್ತಾರೆ. ವಸ್ತುತಃ ಆ ಹೊತ್ತಿಗೆ ಅವರೇ ಒಂದು ಕೂಟವನ್ನು ನಡೆಸುತ್ತಿದ್ದರು. ಅದರ ವಿಧಿಗ್ರಂಥವನ್ನು ಬರೆದು ತಿದ್ದುತ್ತಿದ್ದವರೂ ಅವರೇ. ಸಾಕ್ಷಿಯೂ ವಾದಿಯೂ ಒಬ್ಬರೇ ಆದಾಗ ಓದುಗನು ಎಚ್ಚರದಿಂದಿರಬೇಕಾಗುತ್ತದೆ.

ಈ ಲೇಖಕನ ವೃತ್ತಿ ಬ್ಯಾಂಕಿನದು. ಜಮೀನಿನ ಅಡವಿನ ಮೇಲೆ ಸಾಲ ಕೊಡುವಾಗ, ಈಗ ಅದು ಯಾರ ಸ್ವಾಧೀನದಲ್ಲಿದೆ ಎಂಬುದನ್ನಷ್ಟೇ ನೋಡಿದರೆ ಸಾಲದು. ಇವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಕೊಂಡಿ ತಪ್ಪದಂತೆ ಮೂಲಪತ್ರಗಳನ್ನು ನೋಡಬೇಕು. ಗಾರ್ಡ್‌ನರರ ಧರ್ಮಕ್ಕೆ ಈ ಪರೀಕ್ಷೆಯನ್ನು ಹಚ್ಚಿದರೆ ಕೈಗೆ ಸಿಕ್ಕುವುದು ಕೊನೆಯ ಪತ್ರವೊಂದೇ. ತಮಗೆ ದೀಕ್ಷೆಕೊಟ್ಟ ಕೂಟದ ಹಿರಿಯಳೆಂದು ಅವರು ‘ಓಲ್ಡ್ ಡೊರೊಥಿ’ ಎಂಬೊಬ್ಬ ಹೆಂಗಸಿನ ಹೆಸರು ಹೇಳುತ್ತಿದ್ದರು. ಡೊರೊಥಿ ಕ್ಲಟರ್‌ಬಕ್ ಎಂಬಾಕೆ ಇದ್ದುದೂ, ೧೮೮೦ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದುದೂ ಮುಂದೆ ದಾಖಲೆಗಳಿಂದ ಸಿದ್ಧವಾಯಿತು. ಆದರೆ ಆಕೆ ಮಾಟದ ಕೂಟದಲ್ಲಿದ್ದರೆನ್ನಲು ಗಾರ್ಡ್‌ನರರ ಮಾತಿನ ಹೊರತು ಆಧಾರವಿಲ್ಲ. ಊರವರು ಆಕೆಯನ್ನು ಅರಿತಿದ್ದುದು ಇಗರ್ಜಿಗೆ ನಡೆದುಕೊಳ್ಳುವ ಸಂಭಾವಿತ ಮಹಿಳೆಯೆಂದು.

ಡೊರೊಥಿಯ ಹಿಂದಿನ ಕೊಂಡಿಗಳನ್ನೆಲ್ಲ ಒದಗಿಸಿದವರು ಮಾರ್ಗರೆಟ್ ಮರೆಯವರು. ಗಾರ್ಡ್‌ನರರ ಗ್ರಂಥಕ್ಕೆ ಮುನ್ನುಡಿ ಬರೆದವರೂ ಅವರೇ. ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಈಜಿಪ್ಟಿನ ಪುರಾತತ್ತ್ವವನ್ನು ಕಲಿಸಿ, ನೂರು ವರ್ಷ ಬಾಳಿದ ಈ ವಿದುಷಿ ತಮ್ಮ ಕ್ಷೇತ್ರದಲ್ಲಿ ಗಣ್ಯರು. ಆದರೆ ೧೯೨೧ರಲ್ಲಿ ಅವರು ತಮ್ಮದಲ್ಲದ ಕ್ಷೇತ್ರಕ್ಕೆ ಕಾಲಿಟ್ಟು, ಯುರೋಪಿನಲ್ಲಿ ಮಾಟಗಾತಿಯರೆಂದು ವಿಚಾರಣೆಗೆ ಗುರಿಯಾದವರೆಲ್ಲ ಕ್ರೈಸ್ತಪೂರ್ವದ ಒಂದು ಫಲವಂತಿಕೆಯ ಧರ್ಮದ ಅನುಯಾಯಿಗಳು, ಅವರು ಹದಿಮೂರು ಜನರ ಕೂಟಗಳಲ್ಲಿ ಸೇರಿ ಕೊಂಬಿನ ದೇವರನ್ನು ಪೂಜಿಸುತ್ತಿದ್ದರು ಎಂದು ಪ್ರತಿಪಾದಿಸಿದರು. ವಿದ್ವಾಂಸರು ಅಂದೇ ಆಕ್ಷೇಪಿಸಿದರೂ, ೧೯೨೯ರ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾದಲ್ಲಿ ಈ ವಿಷಯದ ಲೇಖನವನ್ನು ಅವರಿಂದಲೇ ಬರೆಸಿದುದರಿಂದ, ಸುಮಾರು ನಾಲ್ವತ್ತು ವರ್ಷ ಅವರ ಊಹೆಯೇ ಜನಸಾಮಾನ್ಯರಿಗೆ ಇತಿಹಾಸವಾಯಿತು. ೧೯೭೫ರಲ್ಲಿ ನಾರ್ಮನ್ ಕೋನರು ಮರೆಯವರು ಬಳಸಿದ ಮೂಲದಾಖಲೆಗಳನ್ನು ಮರಳಿ ಓದಿ ನೋಡಿದರು. ಅದೇ ತಪ್ಪೊಪ್ಪಿಗೆಯಲ್ಲಿ ಊಟ, ಕುಣಿತಗಳ ಮಾತೂ ಇದ್ದಿತು. ಗಾಳಿಯಲ್ಲಿ ಹಾರಿದುದು, ಪ್ರಾಣಿಯ ರೂಪ ತಾಳಿದುದು ಮೊದಲಾದ ಅಸಂಭವಗಳೂ ಇದ್ದವು. ಮರೆಯವರು ಮೊದಲನೆಯದನ್ನು ಉದ್ಧರಿಸಿ ಎರಡನೆಯದನ್ನು ಸದ್ದಿಲ್ಲದೆ ಬಿಟ್ಟಿದ್ದರು. ಶಾಸನವೊಂದರ ಪಾಠದಲ್ಲಿ ತನಗೆ ಬೇಡವಾದ ಸಾಲುಗಳನ್ನು ನುಂಗಿ ರಾಜವಂಶ ಕಟ್ಟುವ ಸಂಶೋಧಕನಿಗೆ ನಮ್ಮಲ್ಲಿ ಏನೆನ್ನುತ್ತೇವೋ ಅದನ್ನೇ ಇಲ್ಲಿಯೂ ಹೇಳಬೇಕಾಗುತ್ತದೆ.

ವಿಧಿಗ್ರಂಥದ ಒಳಗಿನ ಸಾಕ್ಷ್ಯ ಇದಕ್ಕಿಂತ ಸ್ಪಷ್ಟವಾಗಿದೆ. ಇದನ್ನು ಹೊರಗೆಡಹಿದವರು ವಿರೋಧಿಗಳಲ್ಲ, ಆ ಪಂಥದವರೇ ಆದ ಡೊರೀನ್ ವ್ಯಾಲಿಯಂಟೆ (೧೯೨೨–೧೯೯೯) ಎಂಬುದು ಗಮನಾರ್ಹ. ೧೯೫೩ರಲ್ಲಿ ದೀಕ್ಷೆ ಪಡೆದ ಈಕೆ, ಪ್ರಾಚೀನವೆಂದು ಗುರುಗಳು ಕೊಟ್ಟ ಪಾಠದಲ್ಲಿ ಅಲಿಸ್ಟರ್ ಕ್ರೌಲಿಯ ವಾಕ್ಯಗಳನ್ನು ಗುರುತಿಸಿದರು. ಅಮೆರಿಕದ ಲೀಲಂಡರು ಫ್ಲಾರೆನ್ಸಿನ ಹೆಂಗಸೊಬ್ಬಳಿಂದ ದೊರೆಯಿತೆಂದು ಹೇಳಿ ೧೮೯೯ರಲ್ಲಿ ಅಚ್ಚುಹಾಕಿದ ‘ಅರಾಡಿಯ’ದ ಭಾಗಗಳನ್ನು ಗುರುತಿಸಿದರು. ವಸಂತದ ಹಬ್ಬದ ವಿಧಿಯಲ್ಲಿ ಬರುವ ಮರಗಳ ಹಾಡೊಂದು ರಡ್ಯಾರ್ಡ್ ಕಿಪ್ಲಿಂಗರು ೧೯೦೬ರಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕದ ಪದ್ಯ. ಕಿಪ್ಲಿಂಗರು ಹುಟ್ಟಿದ್ದು ಮುಂಬಯಿಯಲ್ಲೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಜ್ಞಾಪಿಸಬೇಕಾಗಿಲ್ಲ. ವ್ಯಾಲಿಯಂಟೆ ಇದನ್ನು ಗುರುವಿನ ಮುಂದಿಟ್ಟಾಗ, ಇದಕ್ಕಿಂತ ಚೆನ್ನಾಗಿ ಮಾಡಬಲ್ಲೆಯಾದರೆ ಮಾಡು ಎಂಬರ್ಥದ ಉತ್ತರ ಬಂದಿತಂತೆ. ಆಕೆ ಮಾಡಿದರು. ಇಂದು ವಿಕ್ಕದವರು ದೇವಿಯ ವಾಣಿಯೆಂದು ಭಕ್ತಿಯಿಂದ ಪಠಿಸುವ ಗದ್ಯ ಬಹುಮಟ್ಟಿಗೆ ಆಕೆಯ ಕೈಯದು. ಇಡೀ ಪಂಥದ ವಾಙ್ಮಯದಲ್ಲಿ ಸಾಹಿತ್ಯವೆಂದು ನಿಸ್ಸಂಕೋಚವಾಗಿ ಕರೆಯಬಹುದಾದುದು ಅದೊಂದೇ ಎಂದು ನನ್ನ ಅಭಿಪ್ರಾಯ. ಮತ್ತು ಅದು ಚೆನ್ನಾಗಿರುವುದು ಪ್ರಾಚೀನವಾದುದರಿಂದಲ್ಲ, ಬರೆದಾಕೆಗೆ ಕಿವಿ ಇದ್ದುದರಿಂದ.

ಹೆಸರಿನ ವಿಷಯವಾಗಿ ಗಾರ್ಡ್‌ನರರು ಹೇಳುವುದೂ ನಿಲ್ಲುವಂತಹದಲ್ಲ. ಅವರು ಒಂದೇ ಕಕಾರದಿಂದ ‘ವಿಕ’ ಎಂದು ಬರೆದು, ಅದಕ್ಕೆ ‘ಅರಿತವರು’ ಎಂಬರ್ಥ ಕೊಟ್ಟರು. ಹಳೆಯ ಇಂಗ್ಲಿಷಿನ ಶಬ್ದಕ್ಕೆ ಎರಡು ಕಕಾರಗಳುಂಟು, ಅದರ ಉಚ್ಚಾರ ‘ವಿಚ್ಚ’ ಎಂಬುದರ ಹತ್ತಿರದ್ದು, ಅದು ಪುಲ್ಲಿಂಗದ ರೂಪ. ಜ್ಞಾನಾರ್ಥಕ ಧಾತುವಿಗೂ ಅದಕ್ಕೂ ಸಂಬಂಧವನ್ನು ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಊರ ಹೆಸರುಗಳಿಗೆ ಸ್ಥಳಪುರಾಣದವರು ಹೇಳುವ ನಿರುಕ್ತಿಗಳ ಜಾತಿಗೇ ಇದೂ ಸೇರುತ್ತದೆ.

ಇನ್ನು ಈ ವಿದ್ಯೆಯ ಪ್ರಯೋಗಭಾಗಕ್ಕೆ ಬರೋಣ. ಗಾರ್ಡ್‌ನರರಿಗೆ ಗಿಡಮೂಲಿಕೆಗಳಲ್ಲಿ ಅಷ್ಟು ಆಸಕ್ತಿಯಿರಲಿಲ್ಲ. ಆ ಕೊರತೆಯನ್ನು ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮರು (೧೯೫೬–೧೯೯೩) ತುಂಬಿಕೊಟ್ಟರು. ೧೯೮೫ರಲ್ಲಿ ಬಂದ ಅವರ ಮೂಲಿಕಾಕೋಶದಲ್ಲಿ ನಾನೂರಕ್ಕಿಂತ ಹೆಚ್ಚು ಸಸ್ಯಗಳಿಗೆ ಲಿಂಗ, ಗ್ರಹ, ಭೂತತತ್ತ್ವ, ದೇವತೆ, ಶಕ್ತಿ ಎಂದು ಕೋಷ್ಟಕ ಹಾಕಿದಂತೆ ವಿವರಗಳಿವೆ. ಅದರಲ್ಲಿ ‘ಬೇಸಿಲ್’ ಎಂಬ ಗಿಡವನ್ನು ತೆಗೆದುಕೊಳ್ಳೋಣ. ಇದರ ಗ್ರಹ ಕುಜ, ತತ್ತ್ವ ಅಗ್ನಿ, ದೇವತೆಗಳು ವಿಷ್ಣು ಮತ್ತು ಹೈಟಿ ದ್ವೀಪದ ಎರ್ಜುಲಿ. ಕುಜ ಬಂದುದು ಹದಿನೇಳನೆಯ ಶತಮಾನದ ಇಂಗ್ಲಿಷ್ ವೈದ್ಯ ಕಲ್ಪೆಪ್ಪರರ ನಿಘಂಟಿನಿಂದ. ಪ್ರತಿ ಗಿಡವನ್ನೂ ಒಂದೊಂದು ಗ್ರಹಕ್ಕೆ ಕಟ್ಟಿದವರು ಅವರು. ವಿಷ್ಣು ಎಲ್ಲಿಂದ ಬಂದನೆಂಬುದು ನಮಗೆ ಗೊತ್ತೇ ಇದೆ. ಆದರೆ ಇಟಲಿಯವರು ಅಡುಗೆಗೆ ಹಾಕುವ ಬೇಸಿಲ್ ನಮ್ಮ ಕಾಮಕಸ್ತೂರಿ; ವಿಷ್ಣುವಿಗೆ ಪ್ರಿಯವಾದ ಶ್ರೀತುಳಸಿ ಬೇರೆ ಗಿಡ. ನಮ್ಮ ಅಜ್ಜಿಯಂದಿರು ಕಾಮಕಸ್ತೂರಿಯನ್ನು ಮುಡಿಗೆ ಮುಡಿಯುತ್ತಿದ್ದರೇ ಹೊರತು ವೃಂದಾವನದಲ್ಲಿ ನೆಟ್ಟು ಪ್ರದಕ್ಷಿಣೆ ಹಾಕುತ್ತಿರಲಿಲ್ಲ. ಹೀಗೆ ಲಂಡನ್ನಿನ ಗ್ರಹ, ಪಂಢರಪುರದ ದೇವರು, ಹೈಟಿಯ ದೇವತೆ ಒಂದು ಗಿಡದ ಮೇಲೆ ಕೂಡಿದರು. ಮತ್ತು ಅದು ದೇವರಿಗೆ ಸಂಬಂಧಪಟ್ಟ ಗಿಡವೂ ಅಲ್ಲ. ಈ ಎಲೆಯನ್ನು ಕಿಸೆಯಲ್ಲಿಟ್ಟುಕೊಂಡರೆ ಹಣವೂ, ಹಣದ ಪೆಟ್ಟಿಗೆಯಲ್ಲಿಟ್ಟರೆ ಗಿರಾಕಿಗಳೂ ಬರುತ್ತಾರೆಂದು ಕೋಶ ಹೇಳುತ್ತದೆ. ನಮ್ಮ ಶಾಖೆಯಲ್ಲಿ ಇದನ್ನು ಪರೀಕ್ಷಿಸಲು ಮೇಲಧಿಕಾರಿಗಳ ಅನುಮತಿ ದೊರೆಯಲಾರದು.

ಪರಿಹಾಸದ ಮಾತು ಬಿಟ್ಟು ನೋಡಿದರೆ ಇಲ್ಲೊಂದು ಗಂಭೀರವಾದ ವಿಷಯವಿದೆ. ಅಥರ್ವವೇದದಲ್ಲಿ ಕಾಮಾಲೆಗೆ ಒಂದು ಸೂಕ್ತವಿದೆ. ಕೌಶಿಕಸೂತ್ರ ಅದರ ವಿನಿಯೋಗವನ್ನು ಹೇಳುತ್ತದೆ. ರೋಗಿಯ ಹಳದಿಯನ್ನು ಹಳದಿಯ ಪಕ್ಷಿಗಳಿಗೂ ಸೂರ್ಯನಿಗೂ ಕಳುಹಿಸಿ, ಕೆಂಪು ಎತ್ತಿನಿಂದ ಕೆಂಪನ್ನು ಅವನಿಗೆ ತರುವುದು ಅದರ ಸಾರ. ಈ ವಿಧಿಯನ್ನು ಯುರೋಪಿನ ವೈದಿಕ ಪಂಡಿತರಿಂದ ಪಡೆದು, ಸಮಾನದಿಂದ ಸಮಾನವನ್ನು ಸಾಧಿಸುವ ಮಾಟಕ್ಕೆ ಉದಾಹರಣೆಯಾಗಿ ಜೇಮ್ಸ್ ಫ್ರೇಜರರು ತಮ್ಮ ‘ಗೋಲ್ಡನ್ ಬೌ’ ಗ್ರಂಥದಲ್ಲಿ ಬಳಸಿದರು. ಫ್ರೇಜರರ ಉದ್ದೇಶ ಇಂಥದೆಲ್ಲ ಮನುಷ್ಯನ ತಪ್ಪು ತರ್ಕವೆಂದು ತೋರಿಸುವುದಾಗಿತ್ತು. ಆದರೆ ಮುಂದಿನ ತಲೆಮಾರಿನ ಓದುಗರು ಆ ಗ್ರಂಥವನ್ನು ಕೈಪಿಡಿಯಂತೆ ಓದಿದರು. ರೋಗವೆಂದು ವೈದ್ಯನು ಬರೆದಿಟ್ಟ ಪಟ್ಟಿಯಿಂದ ಅಡುಗೆ ಮಾಡಿದಂತಾಯಿತು. ಕೌಶಿಕಸೂತ್ರದ ಬ್ರಾಹ್ಮಣನಿಗೆ ಗುರುವಿದ್ದನು, ಶಾಖೆಯಿತ್ತು, ರೋಗಿಯೊಬ್ಬನು ಎದುರಿಗಿದ್ದನು. ಕನಿಂಗ್‌ಹ್ಯಾಮರ ಓದುಗನಿಗೆ ಇರುವುದು ಪುಸ್ತಕ ಮಾತ್ರ. ಆದರೂ ಒಂದು ಗುಣವನ್ನು ಒಪ್ಪಬೇಕು: ಆ ಪುಸ್ತಕ ಓದಿದ ನಗರವಾಸಿಯೊಬ್ಬ ಕಿಟಕಿಯಲ್ಲಿ ಕುಂಡವಿಟ್ಟು ಒಂದು ಗಿಡದ ಎಲೆ, ವಾಸನೆ, ಹೂಬಿಡುವ ಕಾಲಗಳನ್ನು ಗಮನಿಸತೊಡಗಿದರೆ, ಅವನಿಗೆ ಬೇರೆ ಲಾಭವಾಗದಿದ್ದರೂ ಅಷ್ಟು ಲಾಭವಾಯಿತು.

ಗಾಳಿಮಳೆಗಳ ಪ್ರಕರಣದಲ್ಲಿ ಇಷ್ಟು ಉದಾರವಾಗಿ ಮಾತಾಡುವುದು ಸಾಧ್ಯವಿಲ್ಲ. ೧೯೪೦ರಲ್ಲಿ ಫ್ರಾನ್ಸು ಬಿದ್ದ ಮೇಲೆ ಇಂಗ್ಲೆಂಡಿನ ಮಾಟಗಾತಿಯರು ಕೂಡಿ, ವೃತ್ತದಲ್ಲಿ ಕುಣಿದು, ‘ಶಕ್ತಿಯ ಶಂಕು’ವನ್ನು ಎಬ್ಬಿಸಿ, ಕಡಲು ದಾಟಲಾರೆ ಎಂಬ ಸಂಕಲ್ಪವನ್ನು ಹಿಟ್ಲರನ ಮನಸ್ಸಿನ ಮೇಲೆ ಪ್ರಯೋಗಿಸಿದರೆಂದು ಗಾರ್ಡ್‌ನರರು ಹೇಳುತ್ತಾರೆ, ನೆಪೋಲಿಯನ್ನನ ಕಾಲದಲ್ಲಿಯೂ, ೧೫೮೮ರ ಸ್ಪೇನಿನ ನೌಕಾಪಡೆಯ ಕಾಲದಲ್ಲಿಯೂ ಅವರ ಹಿರಿಯರು ಹೀಗೆಯೇ ಮಾಡಿದ್ದರಂತೆ. ಅದರಿಂದಲೇ ಹಿಟ್ಲರನು ನಿಂತನೆಂದು ಅವರು ನೇರವಾಗಿ ಹೇಳುವುದಿಲ್ಲ; ಹೇಳದೆ ಸೂಚಿಸುತ್ತಾರೆ. ೧೯೪೦ರ ಸೆಪ್ಟೆಂಬರ್ ೧೭ರಂದು ಹಿಟ್ಲರನು ದಾಳಿಯನ್ನು ಮುಂದೂಡಿದುದು ಬ್ರಿಟಿಷ್ ವಿಮಾನಪಡೆಯನ್ನು ಮುರಿಯಲಾಗದ್ದರಿಂದ. ಸತ್ತ ಆ ವೈಮಾನಿಕರ ಪಾಲಿನ ಯಶಸ್ಸಿನಲ್ಲಿ ಕೈಹಾಕುವುದು ಔಚಿತ್ಯವೆನಿಸದು. ಹೋಗಲಿ, ಯುದ್ಧಕಾಲದಲ್ಲಿ ನಿಸ್ಸಹಾಯರಾದ ವೃದ್ಧರು ಕೈಲಾದುದನ್ನು ಮಾಡಿದರೆಂದು ಇದನ್ನು ಮನ್ನಿಸಬಹುದು.

ಮನ್ನಿಸಲಾಗದ್ದು ಬೇರೊಂದು. ಮಾಟದಿಂದ ಹವೆಯನ್ನು ಆಳಬಹುದೆಂಬ ನಂಬಿಕೆಯ ಬೆಲೆಯನ್ನು ಯುರೋಪಿನಲ್ಲಿ ತೆತ್ತವರು ಯಾರು? ದಕ್ಷಿಣ ಜರ್ಮನಿಯ ವೀಸೆನ್‌ಸ್ಟೈಗ್ ಎಂಬ ಸಣ್ಣ ಊರಿನ ಸೀಮೆಯಲ್ಲಿ ೧೫೬೨ರ ಆಗಸ್ಟ್ ತಿಂಗಳಲ್ಲಿ ಭಾರಿ ಆಲಿಕಲ್ಲಿನ ಮಳೆ ಬಿದ್ದು ಬೆಳೆ ಹಾಳಾಯಿತು. ಅದನ್ನು ತರಿಸಿದವರು ಯಾರೆಂದು ಹುಡುಕಿದರು. ೬೩ ಜನರು, ಹೆಚ್ಚಾಗಿ ಹೆಂಗಸರು, ಸತ್ತರು. ಆ ಶತಮಾನದ ಉತ್ತರಾರ್ಧದಲ್ಲಿ ಚಳಿ ಹೆಚ್ಚಿ, ಬೆಳೆಗಳು ಕೆಟ್ಟು, ಧಾನ್ಯ ತುಟ್ಟಿಯಾದ ಹೊತ್ತುಗಳಿಗೂ ಮಾಟಗಾತಿಯರ ಬೇಟೆ ಹೆಚ್ಚಿದ ಹೊತ್ತುಗಳಿಗೂ ಇರುವ ಸಂಬಂಧವನ್ನು ಜರ್ಮನಿಯ ಇತಿಹಾಸಕಾರ ಬೆರಿಂಗರರು ವಿಸ್ತಾರವಾಗಿ ತೋರಿಸಿದ್ದಾರೆ. ಸ್ಕಾಟ್ಲಂಡಿನಲ್ಲಿ ಆರನೆಯ ಜೇಮ್ಸ್ ಅರಸನ ಹೆಂಡತಿ ಡೆನ್ಮಾರ್ಕಿನಿಂದ ಬರುವಾಗ ಕಡಲು ಕೆರಳಿತು. ಅದಕ್ಕೆ ಕಾರಣಳೆಂದು ಊರಿನಲ್ಲಿ ಮದ್ದುಕೊಡುತ್ತಿದ್ದ, ಸೂಲಗಿತ್ತಿಯೆಂದೂ ಹೆಸರಾಗಿದ್ದ ಆಗ್ನೆಸ್ ಸ್ಯಾಂಪ್‌ಸನ್ ಎಂಬ ಹೆಂಗಸನ್ನು ಹಿಡಿದು ಹಿಂಸಿಸಿದರು. ಅರಸನೇ ವಿಚಾರಣೆಗೆ ಕುಳಿತನು. ಸತ್ತವನ ಅವಯವಗಳನ್ನು ಬೆಕ್ಕಿಗೆ ಕಟ್ಟಿ ಕಡಲಿಗೆ ಎಸೆದು ಬಿರುಗಾಳಿ ಎಬ್ಬಿಸಿದೆನೆಂದು ಆಕೆ ‘ಒಪ್ಪಿಕೊಂಡಳು’. ೧೫೯೧ರಲ್ಲಿ ಆಕೆಯನ್ನು ಕೊಂದರು. ಇಂದಿನ ಕೈಪಿಡಿಗಳಲ್ಲಿ ಬರುವ ಹವಾಪ್ರಯೋಗಗಳ ಪೂರ್ವಜರನ್ನು ಹುಡುಕಿದರೆ ಸಿಕ್ಕುವುದು ಇಂಥ ತಪ್ಪೊಪ್ಪಿಗೆಗಳು. ಪ್ರಶ್ನೆ ಕೇಳುವವನ ತಲೆಯಲ್ಲಿ ಹುಟ್ಟಿ, ನೋವಿನಿಂದ ಹೆಂಗಸಿನ ಬಾಯಲ್ಲಿ ಬಂದ ಮಾತುಗಳು ಅವು. ಮರೆಯವರು ಅವನ್ನು ಧರ್ಮಶಾಸ್ತ್ರವೆಂದು ಓದಿದರು. ಗಾರ್ಡ್‌ನರರು ಆ ಸತ್ತವರನ್ನು ತಮ್ಮ ಪಂಥದ ಹುತಾತ್ಮರೆಂದು ಬರೆದುಕೊಂಡರು.

ಅವರ ಸಂಖ್ಯೆಯನ್ನೂ ತೊಂಬತ್ತು ಲಕ್ಷವೆಂದು ಗಾರ್ಡ್‌ನರರೂ ಅವರ ಅನುಯಾಯಿಗಳೂ ಹೇಳುತ್ತ ಬಂದರು. ಹದಿನೆಂಟನೆಯ ಶತಮಾನದಲ್ಲಿ ಫೋಯ್ಕ್ಟ್ ಎಂಬ ಜರ್ಮನ್ ಗೃಹಸ್ಥನು ಕ್ವೆಡ್ಲಿನ್‌ಬುರ್ಗ್ ಎಂಬ ಒಂದೇ ಊರಿನ ಕೆಲವು ಕಡತಗಳನ್ನು ಹಿಡಿದು, ಯುರೋಪಿನ ಜನಸಂಖ್ಯೆಗೂ ಹಲವು ಶತಮಾನಗಳಿಗೂ ಗುಣಿಸಿ ತೆಗೆದ ಲೆಕ್ಕ ಅದು. ದಾಖಲೆಗಳನ್ನು ಎಣಿಸಿದ ಇಂದಿನ ವಿದ್ವಾಂಸರು ಹೇಳುವುದು ನಾಲ್ವತ್ತರಿಂದ ಐವತ್ತು ಸಾವಿರ. ನಾಲ್ವತ್ತು ಸಾವಿರ ನಿರಪರಾಧಿಗಳ ಸಾವು ಕಣ್ಣೀರಿಗೆ ಸಾಲದೆಂಬಂತೆ ಇನ್ನೂರು ಪಟ್ಟು ಏರಿಸಿದುದೇಕೆ? ಅವರು ಕ್ರೈಸ್ತರಾಗಿಯೇ ಬದುಕಿ, ಹೆಚ್ಚಿನವರು ಕ್ರಿಸ್ತನ ಹೆಸರು ಹೇಳುತ್ತಲೇ ಸತ್ತವರು. ಬದುಕಿದ್ದಾಗ ಅವರಲ್ಲದ ಹೆಸರನ್ನು ನ್ಯಾಯಾಧೀಶನು ಹೊರಿಸಿದನು. ಸತ್ತ ಮೇಲೆ ಅದೇ ಹೆಸರನ್ನು ಅಭಿಮಾನಿಗಳು ಹೊರಿಸಿದರು.

ಇದಕ್ಕೆ ಎದುರಾಗಿ ನಿಜವಾದ ಸಂಶೋಧನೆ ಹೇಗಿರುತ್ತದೆಂಬುದನ್ನು ಇಟಲಿಯ ಕಾರ್ಲೊ ಗಿಂಜ್‌ಬುರ್ಗರು ೧೯೬೬ರಲ್ಲಿ ಪ್ರಕಟಿಸಿದ ‘ಬೆನಂದಾಂತಿ’ ಗ್ರಂಥದಲ್ಲಿ ನೋಡಬಹುದು. ಇಟಲಿಯ ಈಶಾನ್ಯದ ಫ್ರಿಯುಲಿ ಸೀಮೆಯಲ್ಲಿ, ಹುಟ್ಟುವಾಗ ಗರ್ಭದ ಪೊರೆಯನ್ನು ಮೈಗೆ ಹೊದ್ದು ಬಂದ ಕೆಲವರು, ವರ್ಷದ ನಾಲ್ಕು ಋತುವ್ರತದ ವಾರಗಳಲ್ಲಿ ರಾತ್ರಿ ತಮ್ಮ ಜೀವ ದೇಹವನ್ನು ಬಿಟ್ಟು ಹೋಗುತ್ತದೆಂದೂ, ಸೋಂಪಿನ ದಂಟು ಹಿಡಿದು, ಜೋಳದ ದಂಟು ಹಿಡಿದ ಮಾಟಗಾತಿಯರೊಡನೆ ಕಾದಾಡುತ್ತದೆಂದೂ ಹೇಳುತ್ತಿದ್ದರು. ಇವರು ಗೆದ್ದರೆ ಆ ವರ್ಷ ಬೆಳೆ; ಸೋತರೆ ಬರ. ೧೫೭೫ರಲ್ಲಿ ಚರ್ಚಿನ ವಿಚಾರಕರು ಇದನ್ನು ಕೇಳಿ ಬೆರಗಾದರು, ಏಕೆಂದರೆ ಅವರ ಪುಸ್ತಕಗಳಲ್ಲಿ ಇಂಥದು ಇರಲಿಲ್ಲ. ಆ ಬೆರಗೇ ಇದು ವಿಚಾರಕರ ಸೃಷ್ಟಿಯಲ್ಲ, ರೈತರದೇ ನಂಬಿಕೆ ಎಂಬುದಕ್ಕೆ ಗಿಂಜ್‌ಬುರ್ಗರು ಹಿಡಿದ ಪ್ರಮಾಣ. ಮುಂದಿನ ಸುಮಾರು ಎಪ್ಪತ್ತು ವರ್ಷಗಳಲ್ಲಿ ವಿಚಾರಕರು ಕೇಳಿದ್ದನ್ನೇ ಕೇಳಿ ಕೇಳಿ, ಮಾಟಗಾತಿಯರ ವೈರಿಗಳಾಗಿದ್ದ ಆ ಜನರು ತಾವೇ ಮಾಟಗಾರರೆಂದು ಒಪ್ಪುವ ಸ್ಥಿತಿಗೆ ಬಂದರು. ಗಿಡ, ಹವೆ, ಬೆಳೆ, ಅಲೌಕಿಕಶಕ್ತಿ ಎಲ್ಲವೂ ಇಲ್ಲಿವೆ. ಆದರೆ ಇವರು ಕೊಂಬಿನ ದೇವರ ಭಕ್ತರಲ್ಲ. ತಾವು ಕಾದುವುದು ಕ್ರಿಸ್ತನ ಶ್ರದ್ಧೆಗಾಗಿ ಎಂದು ಹೇಳಿದ ರೈತರು. ಗಾರ್ಡ್‌ನರರು ಹುಡುಕಿದ ವಸ್ತು ದೊರೆತಾಗ ಅದು ಅವರು ವರ್ಣಿಸಿದಂತೆ ಇರಲಿಲ್ಲ.

ನಮ್ಮ ಉತ್ತರ ಕರ್ನಾಟಕದಲ್ಲಿ ಮಳೆ ತಡೆದಾಗ, ಸಗಣಿಯ ಗುರ್ಜಿಯನ್ನು ಮಾಡಿ ಗರಿಕೆ ಸಿಕ್ಕಿಸಿ, ಹಂಚಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುವುದುಂಟು. ಮನೆಯವರು ಅದರ ಮೇಲೆ ನೀರು ಸುರಿಯುತ್ತಾರೆ. ಫ್ರೇಜರರ ಲೆಕ್ಕದಲ್ಲಿ ಇದೂ ಸಮಾನದಿಂದ ಸಮಾನ ಸಾಧಿಸುವ ಮಾಟವೇ. ಆದರೆ ಗುರ್ಜಿ ಹೊತ್ತವನು ತನಗೆ ಮಳೆಯ ಮೇಲೆ ಶಕ್ತಿಯುಂಟೆಂದು ಹೇಳಿಕೊಳ್ಳುವುದಿಲ್ಲ; ಮಳೆ ಬಾರದಿದ್ದರೆ ಅವನನ್ನು ಯಾರೂ ದೂರುವುದಿಲ್ಲ. ಅಲ್ಲಿ ಊರು ಕೇಳಿಕೊಳ್ಳುತ್ತದೆ. ವಿಕ್ಕದ ಕೈಪಿಡಿಯಲ್ಲಿ ಒಬ್ಬ ವ್ಯಕ್ತಿ ತನ್ನ ಸಂಕಲ್ಪವನ್ನು ಹವೆಯ ಮೇಲೆ ಹೂಡುತ್ತಾನೆ. ಹೂಡಿದುದು ಫಲಿಸದಿದ್ದರೆ? ತಾನ್ಯಾ ಲೂರ್ಮನ್ ಎಂಬ ಮಾನವಶಾಸ್ತ್ರಜ್ಞೆ ೧೯೮೦ರ ದಶಕದಲ್ಲಿ ಲಂಡನ್ನಿನ ಇಂಥ ಕೂಟಗಳಲ್ಲಿ ತಾವೇ ಸೇರಿ ನೋಡಿ, ೧೯೮೯ರಲ್ಲಿ ಬರೆದ ಗ್ರಂಥ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿದ್ದವರು ವಿದ್ಯಾವಂತ ಮಧ್ಯಮವರ್ಗದವರು. ಅವರು ಮೊದಲು ನಂಬಿ ಆಮೇಲೆ ಮಾಡುವುದಿಲ್ಲ. ಮಾಡುತ್ತ ಮಾಡುತ್ತ, ಸುತ್ತಲಿನ ಘಟನೆಗಳನ್ನು ಅರ್ಥೈಸುವ ಅವರ ರೀತಿ ತಿಳಿಯದಂತೆ ಸರಿಯುತ್ತ ಹೋಗುತ್ತದೆ. ಮಾಟವು ನಂಬಿಕೆಯಲ್ಲ, ಕೆಲಸ ಎಂಬ ನಮ್ಮ ಹಳೆಯ ಶಬ್ದದ ತಿಳಿವಳಿಕೆ ಇಲ್ಲಿ ವಿಜ್ಞಾನದ ಮಾತಾಗಿ ಮರಳಿ ಬಂದಿದೆ.

ದೇವತೆಗಳ ವಿಷಯ ಬೇಗ ಮುಗಿಯುತ್ತದೆ. ಕೊಂಬಿನ ದೇವನು ಮರೆಯವರ ಪುಸ್ತಕದಿಂದಲೂ, ಕನ್ಯೆ, ತಾಯಿ, ಮುದುಕಿ ಎಂಬ ಮೂರು ಮುಖದ ದೇವಿ ಬಹುಮಟ್ಟಿಗೆ ಕವಿ ರಾಬರ್ಟ್ ಗ್ರೇವ್ಸರ ೧೯೪೮ರ ‘ವೈಟ್ ಗಾಡೆಸ್’ ಗ್ರಂಥದಿಂದಲೂ ಬಂದವರು. ವರ್ಷದ ಎಂಟು ಹಬ್ಬಗಳ ಚಕ್ರವೂ ಒಂದಾಗಿ ಕೂಡಿದುದು ೧೯೫೦ರ ದಶಕದ ಕೊನೆಗೆ. ನಮ್ಮವರ ಕಿವಿ ನಿಮಿರಿಸುವ ಸಂಗತಿಯೊಂದಿದೆ: ವಿಧಿಕಾಲದ ನಗ್ನತೆಗೆ ಆ ಪಂಥದವರು ‘ಸ್ಕೈಕ್ಲಾಡ್’ ಎನ್ನುತ್ತಾರೆ, ಇದು ‘ದಿಗಂಬರ’ದ ಅನುವಾದವೇ ಇರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಅಷ್ಟಕ್ಕೇ ‘ಎಲ್ಲವೂ ನಮ್ಮಿಂದಲೇ ಹೋದುದು’ ಎಂದು ನಾವು ಎದೆಯುಬ್ಬಿಸಬೇಕಾಗಿಲ್ಲ. ಶ್ರವಣಬೆಳಗೊಳದ ಮುನಿಯ ದಿಗಂಬರತ್ವವು ಮೈಮೇಲಿನ ಬಟ್ಟೆಯನ್ನೂ ತನ್ನದೆನ್ನದ ಅಪರಿಗ್ರಹ, ಬಾಳಿಡೀ ಹಿಡಿದ ವ್ರತ. ಗಾರ್ಡ್‌ನರರದು ದೇಹದಲ್ಲಿನ ಶಕ್ತಿ ತಡೆಯಿಲ್ಲದೆ ಹೊರಹರಿಯಲಿ ಎಂಬ ಉಪಾಯ, ಅದೂ ಆ ಹೊತ್ತಿಗೆ ಮಾತ್ರ. ಹೆಸರು ಹೋಗಿದೆ, ಅರ್ಥ ಇಲ್ಲಿಯೇ ಉಳಿದಿದೆ.

ಹಾಗಾದರೆ ಈ ಧರ್ಮ ಸುಳ್ಳೇ? ಹಾಗೆ ಹೇಳುವುದು ನನ್ನ ಉದ್ದೇಶವಲ್ಲ. ಎಲ್ಲ ಧರ್ಮಗಳೂ ಒಂದು ದಿನ ಹೊಸವಾಗಿದ್ದವು. ಹೊಸದಾಗಿರುವುದು ದೋಷವೂ ಅಲ್ಲ. ದೇವರನ್ನು ಹೆಣ್ಣಾಗಿ ಕಾಣುವ ಅವಕಾಶವಿಲ್ಲದಿದ್ದ ಸಮಾಜದ ಹೆಂಗಸರಿಗೆ ಅದು ಒಂದು ಅವಕಾಶ ಕೊಟ್ಟಿತು. ಹೊಗೆಯೂರಿನವರಿಗೆ ಋತುಗಳನ್ನು ನೆನಪುಮಾಡಿಕೊಟ್ಟಿತು. ವಿಕ್ಕದವರಲ್ಲಿಯೇ ಅನೇಕರು ಹಟನ್ನರ ೧೯೯೯ರ ಗ್ರಂಥವನ್ನು ಓದಿದ ಮೇಲೆ ಪ್ರಾಚೀನತೆಯ ಹಟವನ್ನು ಬಿಟ್ಟು, ಆದರೂ ತಮ್ಮ ಆಚರಣೆಯನ್ನು ಬಿಡದೆ ಮುಂದುವರಿದಿದ್ದಾರೆ. ಇದು ಅವರಿಗೆ ಭೂಷಣ. ಇತಿಹಾಸವಿಲ್ಲದೆಯೂ ನಿಲ್ಲಬಲ್ಲ ಧರ್ಮಕ್ಕೆ ಕಟ್ಟುಕಥೆಯ ಊರೆಗೋಲು ಬೇಕಾಗಿರಲಿಲ್ಲವೆಂಬುದಷ್ಟೇ ಗಾರ್ಡ್‌ನರರ ಮೇಲಿನ ನನ್ನ ಆಕ್ಷೇಪ.

ಕೊನೆಗೆ, ಇದನ್ನು ಕನ್ನಡಕ್ಕೆ ತರುವವರ ಮುಂದಿರುವ ತೊಡಕು. ‘ವಿಚ್’ ಶಬ್ದಕ್ಕೆ ಕೋಶಗಳು ಕೊಡುವ ‘ಮಾಟಗಾತಿ’ಯನ್ನು ಇಲ್ಲಿ ಬಳಸಬಹುದೆ? ಹಿಂದಿಯ ‘ಡಾಯನ್’, ಮರಾಠಿಯ ‘ಚೇಟಕೀಣ’ಗಳ ಗತಿಯೇನು? ಇಂಗ್ಲಿಷಿನಲ್ಲಿ ಆ ಬೇಟೆ ಮುಗಿದು ಎರಡು ಶತಮಾನಗಳು ಸಂದ ಮೇಲೆ ಆ ಶಬ್ದವನ್ನು ಆಭರಣದಂತೆ ತೊಡುವುದು ಸುರಕ್ಷಿತವಾಯಿತು. ನಮ್ಮಲ್ಲಿ ಅದು ಮುಗಿದಿಲ್ಲ. ಹೆಂಗಸನ್ನು ಡಾಯನ್ ಎಂದು ಕರೆಯುವುದನ್ನೇ ಅಪರಾಧವೆಂದು ಬಿಹಾರ ೧೯೯೯ರಲ್ಲಿಯೂ, ಝಾರ್ಖಂಡ ೨೦೦೧ರಲ್ಲಿಯೂ ಕಾನೂನು ಮಾಡಬೇಕಾಯಿತು. ಅಸ್ಸಾಮಿನ ವಿಧಾನಸಭೆ ೨೦೧೫ರಲ್ಲಿ ಅದೇ ಹಾದಿ ಹಿಡಿಯಿತು. ಮಹಾರಾಷ್ಟ್ರದ ೨೦೧೩ರ ಕಾಯಿದೆಗಾಗಿ ದುಡಿದ ಡಾಕ್ಟರ್ ನರೇಂದ್ರ ದಾಭೋಳ್ಕರರನ್ನು ಅದೇ ವರ್ಷದ ಆಗಸ್ಟ್ ೨೦ರಂದು ಪುಣೆಯ ಸೇತುವೆಯ ಮೇಲೆ ಕೊಂದರು. ಕಾಯಿದೆ ಆದುದು ಆಮೇಲೆ. ಕರ್ನಾಟಕದ ಕಾಯಿದೆ ೨೦೧೭ರದು. ಕೋಲ್ಕತ್ತೆಯ ಇಪ್ಸಿತಾ ರಾಯ್ ಚಕ್ರವರ್ತಿಯವರು ತಮ್ಮನ್ನು ಬಹಿರಂಗವಾಗಿ ‘ವಿಚ್’ ಎಂದು ಕರೆದುಕೊಂಡು, ಆತ್ಮಕಥೆಯ ಹೆಸರಿನಲ್ಲಿಯೂ ಅದನ್ನಿಟ್ಟರು. ಇಂಗ್ಲಿಷಿನಲ್ಲಿ ಅದು ಸಾಧ್ಯವಾಯಿತು. ಅದೇ ಮಾತನ್ನು ಹಳ್ಳಿಯ ಭಾಷೆಯಲ್ಲಿ ಹಳ್ಳಿಯ ವಿಧವೆಯೊಬ್ಬಳ ಬಗೆಗೆ ಹೇಳಿದರೆ ಆಗುವುದು ಬೇರೆ.

ಆದುದರಿಂದ ಗಾರ್ಡ್‌ನರರ ಪಂಥಕ್ಕೆ ಕನ್ನಡದಲ್ಲಿ ‘ವಿಕ್ಕ’ ಎಂಬ ಅದರದೇ ಹೆಸರನ್ನು ಉಳಿಸಿಕೊಳ್ಳಬೇಕೆಂದೂ, ಅದರ ಅನುಯಾಯಿಗಳನ್ನು ‘ವಿಕ್ಕದವರು’ ಎಂದೇ ಕರೆಯಬೇಕೆಂದೂ ನನ್ನ ಸೂಚನೆ. ಆ ಮತದ ಗ್ರಂಥಗಳನ್ನು ಅನುವಾದಿಸುವವರು ‘ಮಾಟಗಾತಿ’ ಎಂಬ ಶಬ್ದವನ್ನು ಆಗ್ನೆಸ್ ಸ್ಯಾಂಪ್‌ಸನ್ನಳ ವಿಚಾರಣೆಯಂಥ ಕಡೆ ಮಾತ್ರ, ಅದೂ ಆರೋಪಿಸಿದವರ ಮಾತಾಗಿ, ಉದ್ಧರಣ ಚಿಹ್ನೆಯೊಳಗೆ ಬಳಸತಕ್ಕದ್ದು.